ಬೆಲ್‌ಗ್ರೇವ್ ಅಂದ್ರೆ ಗೋರಿ ಬೀದಿನಾ? ಲೆಸ್ಟರ್‌ನ ಈ ಊರಿನ ಹೆಸರು ಎಲ್ಲಿಂದ ಬಂತು, ಗೊತ್ತಿದ್ದವರು ಹೇಳಿ

ಸೋರ್‌ದಡದ ಸುಮಾ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಆರು ವರ್ಷ ಆಯಿತು. ಹಾಸನದಿಂದ ಅಮ್ಮ ಬಂದಿದ್ದಾರೆ, ಮೂರು ತಿಂಗಳು ಇರುತ್ತಾರೆ. ಮೊನ್ನೆ ಶನಿವಾರ ಬೆಲ್‌ಗ್ರೇವ್ ರೋಡ್‌ಗೆ ಕರೆದುಕೊಂಡು ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಇಲ್ಲಿನ ಚಿಕ್ಕಪೇಟೆ. ಸೀರೆ, ಒಡವೆ, ಫಾಫ್ಡಾ, ಪಾನ್, ಎಲ್ಲ ಒಂದೇ ರಸ್ತೆಯಲ್ಲಿ. ಅಂಗಡಿಯವರು ಹೆಚ್ಚಾಗಿ ಗುಜರಾತಿಗಳು.

ಬಸ್ ಇಳಿದ ಕೂಡಲೇ ಅಮ್ಮನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಆಮೇಲೆ ಅಲ್ಲೇ ನಿಂತುಬಿಟ್ಟರು. "ಗ್ರೇವ್ ಅಂದ್ರೆ ಗೋರಿ ಅಲ್ವೇನೇ? ಗೋರಿ ಬೀದೀಲಿ ಯಾರಾದ್ರೂ ಮದುವೆ ಸೀರೆ ತಗೋತಾರಾ?"

ನನಗೆ ಉತ್ತರ ಹೊಳೆಯಲಿಲ್ಲ. ಸೋಮವಾರ ಆಫೀಸಿನಲ್ಲಿ ಇಲ್ಲಿಯದೇ ಊರಿನ ಒಬ್ಬರನ್ನು ಕೇಳಿದೆ. ಬೆಲ್‌ಗ್ರೇವ್ ಮೊದಲು ಬೇರೆಯೇ ಹಳ್ಳಿಯಾಗಿತ್ತಂತೆ, ಅದಕ್ಕೆ ಏನೋ ಕೆಟ್ಟ ಹೆಸರು ಇತ್ತಂತೆ, ಆಮೇಲೆ ಬದಲಾಯಿಸಿದರಂತೆ. ಕೆಟ್ಟ ಹೆಸರು ಯಾವುದು ಅಂದರೆ ನಕ್ಕು ಟೀ ಮಾಡಲು ಎದ್ದು ಹೋದರು. ಯಾರಿಗಾದರೂ ಗೊತ್ತಾ?

ಮಂಡ್ಯಗೌಡ್ರು

ಅಮ್ಮ ಕೇಳಿದ್ದು ಸರಿಯಾಗೇ ಇದೆ. ಸೀರೆ ತಗೊಂಡ್ರಾ ಇಲ್ವಾ, ಅದನ್ನ ಮೊದಲು ಹೇಳಿ.

ಸೋರ್‌ದಡದ ಸುಮಾ

ಎರಡು ತಗೊಂಡರು ಗೌಡ್ರೆ. ಗೋರಿ ವಿಷಯ ಐದೇ ನಿಮಿಷದಲ್ಲಿ ಮರೆತುಹೋಯಿತು.

ಅಗಸೆಬಾಗಿಲು

ಇದು ಪಕ್ಕಾ ನಮ್ಮ ಕಡೆ ಹೆಸರು ನೋಡ್ರಿ. ಬೆಳ್ ಅಂದ್ರೆ ಬಿಳಿ. ಗೆರೆ ಅಂದ್ರೆ ಕೆರೆ. ಬೆಳ್ಗೆರೆ. ಚಳ್ಳಕೆರೆ ಹತ್ರ ಬೆಳಗೆರೆ ಅಂತ ಊರೇ ಐತಿ. ಇನ್ನು ಬೆಳಗಾವಿ ಅಂತೂ ಕೇಳೋದೇ ಬ್ಯಾಡ.

ಕುಂದಾಪ್ರದ ಪೋರ

ಹೌದು ಮಾರಾಯ್ರೆ, ಲಂಡನ್ ಅಂದರೆ "ಲಂಡನ್ನ" ಅಂತ ಅಕ್ಕಿ ಹಾಕುವ ಪಾತ್ರೆ ಇರಬೇಕು. ಬಿಡಿ.

ಶಾಸನಪ್ರಿಯ

ಸುಮಾ ಅವರೇ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಅಗಸೆಬಾಗಿಲು ಅವರೇ, ಕೋಪ ಮಾಡಿಕೊಳ್ಳಬೇಡಿ, ಆದರೆ ಊರ ಹೆಸರಿಗೆ ಅರ್ಥ ಹೇಳುವಾಗ ಒಂದು ನಿಯಮ ಇದೆ. ಈಗ ಕಿವಿಗೆ ಬೀಳುವ ಹೆಸರನ್ನು ಮುರಿದು ಜೋಡಿಸಬಾರದು. ಸಿಗುವಷ್ಟು ಹಳೆಯ ಬರಹ ಹುಡುಕಬೇಕು. ಅದರಲ್ಲಿ ಹೆಸರು ಹೇಗಿದೆ ನೋಡಬೇಕು. ಅಲ್ಲಿಂದ ಮುಂದಕ್ಕೆ ಬರಬೇಕು. ಇಂಗ್ಲೆಂಡಿನಲ್ಲಿ ಇದನ್ನೇ ಮಾಡಲು 1923ರಲ್ಲಿ ಒಂದು ಸಂಘ ಕಟ್ಟಿದರು, ಇಂಗ್ಲಿಷ್ ಪ್ಲೇಸ್-ನೇಮ್ ಸೊಸೈಟಿ. ಒಂದೊಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ದಪ್ಪ ದಪ್ಪ ಸಂಪುಟ ತರುತ್ತಲೇ ಇದ್ದಾರೆ.

ಈಗ ಬೆಲ್‌ಗ್ರೇವ್. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ. 1085ರ ಕ್ರಿಸ್ಮಸ್ ಹೊತ್ತಿಗೆ ಅವನಿಗೆ ಒಂದು ಯೋಚನೆ ಬಂತು. ಯಾರ ಹತ್ತಿರ ಎಷ್ಟು ಜಮೀನಿದೆ, ಎಷ್ಟು ನೇಗಿಲಿದೆ, ಎಷ್ಟು ಕಂದಾಯ ಬರಬೇಕು, ಎಲ್ಲ ಬರೆಸಬೇಕು ಅಂತ. ಮರುವರ್ಷ, 1086ರಲ್ಲಿ, ಆ ಲೆಕ್ಕ ತಯಾರಾಯಿತು. ಅದೇ ಡೂಮ್ಸ್‌ಡೇ ಬುಕ್. 13,000ಕ್ಕೂ ಹೆಚ್ಚು ಊರುಗಳ ಹೆಸರು ಅದರಲ್ಲಿವೆ. ನಮ್ಮ ಕಡೆ ಶಾನುಭೋಗರ ಕಡತ ಇರುತ್ತಿತ್ತಲ್ಲ, ಹಾಗೆ, ಆದರೆ ಇಡೀ ದೇಶದ್ದು.

ಅದರಲ್ಲಿ ನಿಮ್ಮ ಬೆಲ್‌ಗ್ರೇವ್ ಹೆಸರು "ಮೆರ್ದೆಗ್ರಾವೆ" ಅಂತ ಇದೆ.

ಪ್ಯಾರಿಸ್ ಪುಟ್ಟಿ

ಅಯ್ಯಯ್ಯೋ!!! ಸುಮಾ ಅಕ್ಕ, ನಿಮ್ಮ ಆಫೀಸಿನವರು ಯಾಕೆ ನಕ್ಕರು ಅಂತ ಈಗ ಗೊತ್ತಾಯಿತು 😂

ಮಂಡ್ಯಗೌಡ್ರು

ನಮಗೂ ಗೊತ್ತಾಗಂಗೆ ಹೇಳವ್ವ.

ಪ್ಯಾರಿಸ್ ಪುಟ್ಟಿ

ಗೌಡ್ರೆ, ಫ್ರೆಂಚಿನಲ್ಲಿ ಮೆರ್ದ್ ಅಂದರೆ… ಹೇಲು. ಕ್ಷಮಿಸಿ, ಬೇರೆ ಪದ ಇಲ್ಲ. ಇಲ್ಲಿ ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬೀಳುತ್ತದೆ. ಮೆಟ್ರೋ ತಪ್ಪಿದರೆ ಮೆರ್ದ್. ಕಾಫಿ ಚೆಲ್ಲಿದರೆ ಮೆರ್ದ್. ತಮಾಷೆ ಅಂದರೆ ನಾಟಕದವರು ರಂಗಕ್ಕೆ ಹೋಗುವ ಮುಂಚೆ ಒಬ್ಬರಿಗೊಬ್ಬರು ಒಳ್ಳೆಯದಾಗಲಿ ಅಂತ ಹೇಳುವುದಕ್ಕೂ ಇದೇ ಪದ!

ಕುಂದಾಪ್ರದ ಪೋರ

ಅಂದರೆ ಊರ ಹೆಸರು ಹೇಲುಗುಂಡಿಯಾ? ಸುಮಾ ಅಕ್ಕ, ಅಮ್ಮನಿಗೆ ಇದನ್ನು ಹೇಳಬೇಡಿ. ಗೋರಿಯೇ ವಾಸಿ.

ಶಾಸನಪ್ರಿಯ

ಇಲ್ಲ ಇಲ್ಲ, ಅವಸರ ಬೇಡ. ಇಡೀ ಕಥೆಯ ಸ್ವಾರಸ್ಯ ಇರುವುದೇ ಇಲ್ಲಿ. ಆ ಊರಿನವರ ಬಾಯಲ್ಲಿ ಅದಕ್ಕೆ ಆ ಅರ್ಥ ಯಾವತ್ತೂ ಇರಲಿಲ್ಲ.

ಹೆಸರು ಇಟ್ಟವರು ಹಳೆಯ ಇಂಗ್ಲಿಷ್ ಆಡುವವರು. ಅವರ ಮಾತಿನಲ್ಲಿ "ಮೆಅರ್ಥ್" ಅಂದರೆ ಮಾರ್ಟೆನ್ ಅನ್ನುವ ಕಾಡುಪ್ರಾಣಿ. "ಗ್ರಾಫ್" ಅಂದರೆ ತೋಪು, ಚಿಕ್ಕ ಕಾಡು. ಈಗಿನ ಗ್ರೋವ್ ಅನ್ನುವ ಪದ ಅದರದ್ದೇ ಮುಂದುವರಿಕೆ. ಅಂದರೆ ಮಾರ್ಟೆನ್‌ಗಳು ಓಡಾಡುವ ತೋಪು. ನವಿಲಿನ ಹೆಸರಿನ ನಮ್ಮ ನವಲಗುಂದ ಇದ್ದ ಹಾಗೆ. ಎಷ್ಟು ಚೆಂದದ ಹೆಸರು, ಅಲ್ವಾ?

ಆ "ಥ್" ಗಮನಿಸಿ. ನಾಲಿಗೆ ತುದಿ ಹಲ್ಲಿಗೆ ತಾಗಿಸಿ ಗಾಳಿ ಬಿಡುವ ಆ ಸದ್ದು ವಿಲಿಯಂ ಜೊತೆ ಹೊಸದಾಗಿ ಬಂದ, ಫ್ರೆಂಚ್ ಆಡುವ ನಾರ್ಮನ್ ಗುಮಾಸ್ತರಿಗೆ ಒಗ್ಗದು. ಅದಕ್ಕೆ ಇಂಗ್ಲಿಷರು ಬಳಸುತ್ತಿದ್ದ ಅಕ್ಷರವೂ ಅವರ ರೂಢಿಯಲ್ಲಿ ಇರಲಿಲ್ಲ. ಹಾಗಾಗಿ ಆ ಸದ್ದು ಬಂದಲ್ಲೆಲ್ಲ "ದ" ಅಥವಾ "ತ" ಬರೆದು ಮುಂದೆ ಹೋಗುತ್ತಿದ್ದರು. ಮೆಅರ್ಥ್ ಹೋಗಿ ಮೆರ್ದೆ ಆಯಿತು. ಆಮೇಲೆ ಅದೇ ಫ್ರೆಂಚ್ ಕಿವಿಗಳಿಗೆ ಅದು ಹೊಲಸಾಗಿ ಕೇಳಿಸಿತು.

ಕುಂದಾಪ್ರದ ಪೋರ

ಅಂದರೆ ಬರೆದದ್ದೂ ಅವರೇ, ಮೂಗು ಮುಚ್ಚಿಕೊಂಡದ್ದೂ ಅವರೇ!

ಶಾಸನಪ್ರಿಯ

ಹಾಗೇ ಅನ್ನಿ. 12ನೇ ಶತಮಾನದ ಕಾಗದಪತ್ರಗಳಿಗೆ ಬರುವ ಹೊತ್ತಿಗೆ ಮುಂದಿನ ತುಂಡು ಹೋಗಿ "ಬೆಲ್" ಬಂದಿದೆ. ಫ್ರೆಂಚಿನಲ್ಲಿ ಬೆಲ್ ಅಂದರೆ ಸುಂದರ. ಹೊಲಸು ತೆಗೆದು ಸುಂದರ ಹಾಕಿದರು. ಹಿಂದಿನ ತುಂಡು, ಆ ತೋಪು, ಹಾಗೇ ಉಳಿಯಿತು.

ಅಮ್ಮನಿಗೆ ಹೇಳಿ: ಇಲ್ಲಿನ ಗ್ರೇವ್‌ಗೂ ಗೋರಿಗೂ ಸಂಬಂಧ ಇಲ್ಲ. ಗೋರಿಯ ಗ್ರೇವ್ ಅಗೆಯುವುದಕ್ಕೆ ಸಂಬಂಧಿಸಿದ ಬೇರೆ ಪದ. ಕಾಟ್‌ಗ್ರೇವ್, ಮಸ್‌ಗ್ರೇವ್ ಅಂತೆಲ್ಲ ಊರುಗಳಿವೆ, ಅಲ್ಲೂ ತೋಪೇ. ಮಸ್‌ಗ್ರೇವ್ ಅಂದರೆ ಇಲಿ ತೋಪು.

ಸೋರ್‌ದಡದ ಸುಮಾ

ಸರ್, ತುಂಬಾ ಥ್ಯಾಂಕ್ಸ್. ಆರು ವರ್ಷದಿಂದ ಆ ರಸ್ತೆಯಲ್ಲಿ ಕರಿಬೇವು ತರುತ್ತಿದ್ದೇನೆ, ಒಂದು ದಿನವೂ ಇದನ್ನೆಲ್ಲ ಯೋಚಿಸಿರಲಿಲ್ಲ. ಅಮ್ಮನಿಗೆ "ಚೆಂದದ ತೋಪು" ಅಂತ ಹೇಳಿದೆ. "ಹಂಗಾದ್ರೆ ಒಂದೂ ಮರ ಯಾಕಿಲ್ಲ?" ಅಂದರು.

ಅಗಸೆಬಾಗಿಲು

ನನ್ನ ಬೆಳ್ಗೆರೆ ಹೋತು, ಒಪ್ಪಿದೆ. ಆದ್ರ ಶಾಸನಪ್ರಿಯ ಸರ್, ನಿಮ್ಮ ಕಥಿನೂ ನನಗ ಒಂಚೂರು ಜಾಸ್ತಿ ರುಚಿ ಅನಸ್ತೈತಿ. ಫ್ರೆಂಚರಿಗೆ ನಾಚಿಕೆ ಆತು, ಹೆಸರು ಬದಲಾಸಿದ್ರು ಅಂತ. ಇದು ಬೆಂದಕಾಳೂರು ಕಥಿ ಹಂಗ ಆಗಲಿಲ್ಲೇನು? ಕೇಳಾಕ ಚೆಂದ, ಆದ್ರ ಸಾಕ್ಷಿ ಎಲ್ಲೈತಿ?

ಶಾಸನಪ್ರಿಯ

ಒಳ್ಳೆ ಪೆಟ್ಟು ಕೊಟ್ಟಿರಿ. ಹೀಗೆ ಕೇಳಲೇಬೇಕು.

ಬೆಂದಕಾಳೂರು ಕಥೆ ಬೀಳುವುದು ಯಾಕೆ? ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು ಅನ್ನುತ್ತಾರೆ. ಆದರೆ ಅವನಿಗಿಂತ ಸುಮಾರು 300 ವರ್ಷ ಮುಂಚಿನ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲೇ "ಬೆಂಗಳೂರು" ಅಂತ ಕೆತ್ತಿದೆ. ಕಥೆಗಿಂತ ಹೆಸರೇ ಹಳೆಯದು. ಅಲ್ಲಿಗೆ ಮುಗಿಯಿತು.

ಬೆಲ್‌ಗ್ರೇವ್‌ನಲ್ಲಿ ಲೆಕ್ಕ ತಿರುಗಾಮುರುಗ. ಮೊದಲು ಮೆರ್ದೆ ಇರುವ ಬರಹ, ಆಮೇಲೆ ಬೆಲ್ ಇರುವ ಬರಹ, ನಡುವೆ ಫ್ರೆಂಚ್ ಆಡುವ ಒಡೆಯರು. ಆಗ ಲೆಸ್ಟರ್‌ಷೈರಿನ ದೊಡ್ಡ ಜಮೀನ್ದಾರನೇ ಹ್ಯೂ ದ ಗ್ರಾಂಮೆನಿಲ್ ಅನ್ನುವ ನಾರ್ಮನ್. ಇನ್ನೊಂದು ವಿಷಯ. "ಮೆರ್ದೆ" ನಾಲಿಗೆಯ ಮೇಲೆ ಸವೆದು ಸವೆದು "ಬೆಲ್" ಆಗುವುದಿಲ್ಲ. ಸವೆತಕ್ಕೆ ಒಂದು ದಾರಿ ಇರುತ್ತದೆ. ಇದು ಸವೆತ ಅಲ್ಲ, ಯಾರೋ ಬೇಕಂತಲೇ ಕಿತ್ತು ಬೇರೆ ಇಟ್ಟದ್ದು.

ಮತ್ತೆ ಇದೊಂದೇ ಊರಲ್ಲ. ಎಸೆಕ್ಸ್‌ನಲ್ಲಿ ಒಂದು ಹಳ್ಳಿ ಇದೆ. ಡೂಮ್ಸ್‌ಡೇ ಪುಸ್ತಕದಲ್ಲಿ ಅದರ ಹೆಸರು "ಫೂಲೆಪೆಟ್". ಅಂದರೆ ನಾರುವ ಗುಂಡಿ. ಅದು ನಿಜವಾಗಿಯೂ ಅದೇ ಅರ್ಥ, ಅಪಾರ್ಥ ಏನೂ ಇಲ್ಲ. ನೂರು ವರ್ಷ ಕಳೆಯುವುದರೊಳಗೆ ಅದು "ಬೋಮಾಂಟ್" ಆಗಿದೆ. ಸುಂದರ ಬೆಟ್ಟ. ಗುಂಡಿ ಹೋಗಿ ಬೆಟ್ಟ! ಇಂಥದ್ದು ಒಂದಿದ್ದರೆ ಕಥೆ ಅನ್ನಬಹುದು. ಎರಡು, ಮೂರು ಆದಾಗ ಅದು ಆ ಕಾಲದ ಅಭ್ಯಾಸ ಅಂತ ಗೊತ್ತಾಗುತ್ತದೆ.

ಮಂಡ್ಯಗೌಡ್ರು

ಗುಂಡೀನ ಬೆಟ್ಟ ಅನ್ನೋದು… ನಮ್ಮೂರ ರಸ್ತೆ ಕಂಟ್ರಾಕ್ಟರ್ ಹಂಗೇ ಬಿಲ್ ಮಾಡೋದು.

ಡಾರ್ಸೆಟ್ ದೋಸೆ

ಲೇಟಾಗಿ ಬಂದೆ. ಈ ಚರ್ಚೆಗೆ ನಮ್ಮ ಕೌಂಟಿ ಬರದಿದ್ದರೆ ಅನ್ಯಾಯ. ಡಾರ್ಸೆಟ್‌ನಲ್ಲಿ ಶಿಟರ್ಟನ್ ಅಂತ ಒಂದು ಹಳ್ಳಿ ಇದೆ. ಸುಳ್ಳಲ್ಲ. ಅರ್ಥವೂ ನೀವು ಅಂದುಕೊಂಡದ್ದೇ, ಹೊಲಸು ಹರಿಯುವ ತೊರೆಯ ಪಕ್ಕದ ಊರು. ಡೂಮ್ಸ್‌ಡೇ ಪುಸ್ತಕದಲ್ಲೂ ಇದೆ. ವಿಕ್ಟೋರಿಯಾ ಕಾಲದ ಮರ್ಯಾದಸ್ಥರು ಅದನ್ನು "ಸಿಟರ್ಟನ್" ಮಾಡಲು ನೋಡಿದರು. ಒಂದೇ ಅಕ್ಷರ ತೆಗೆದರೆ ಸಾಕಿತ್ತು ನೋಡಿ. ಊರಿನವರು ಕೇಳಲಿಲ್ಲ.

ಬೋರ್ಡು ಹಾಕಿದಾಗೆಲ್ಲ ಯಾರೋ ಕದ್ದುಕೊಂಡು ಹೋಗುತ್ತಿದ್ದರು. ಕೊನೆಗೆ 2010ರಲ್ಲಿ ಊರಿನವರೇ ದುಡ್ಡು ಹಾಕಿ ಒಂದೂವರೆ ಟನ್ ತೂಕದ ಕಲ್ಲಿನಲ್ಲಿ ಹೆಸರು ಕೆತ್ತಿಸಿ ನೆಟ್ಟರು. ಈಗ ಕದಿಯಿರಿ ನೋಡೋಣ ಅಂತ. ನಾನು ನಮ್ಮ ಹುಡುಗರ ಜೊತೆ ಹೋಗಿ ಅದರ ಪಕ್ಕ ಫೋಟೊ ತೆಗೆಸಿಕೊಂಡಿದ್ದೇನೆ. ಕಲ್ಲು ನನ್ನ ಸೊಂಟದವರೆಗೆ ಬರುತ್ತದೆ. ಅಕ್ಷರ ಎಷ್ಟು ನೀಟಾಗಿದೆ ಅಂದರೆ, ಯಾವುದೋ ದೇವಸ್ಥಾನದ ದಾನಿಗಳ ಕಲ್ಲು ಅನ್ನಬೇಕು.

ಪ್ಯಾರಿಸ್ ಪುಟ್ಟಿ

ಆ ಫೋಟೊ ಮನೆಗೆ ಕಳಿಸಿದಿರಾ? 😂

ಡಾರ್ಸೆಟ್ ದೋಸೆ

ಕಳಿಸಿದೆ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ "ಸುಂದರ ಊರು, ದೇವರು ಒಳ್ಳೆಯದು ಮಾಡಲಿ" ಅಂತ ಹಾಕಿದರು.

ಇನ್ನೂ ಇದೆ. ನಮ್ಮಲ್ಲಿ ಪಿಡ್ಲ್ ಅಂತ ಒಂದು ನದಿ. ಇಂಗ್ಲಿಷಿನಲ್ಲಿ ಪಿಡ್ಲ್ ಅಂದರೆ ಮಕ್ಕಳ ಭಾಷೆಯಲ್ಲಿ ಉಚ್ಚೆ. ಅದರ ದಡದಲ್ಲಿ ಪಿಡಲ್‌ಟೌನ್ ಅಂತ ಊರಿತ್ತು, ಈಗ ಅದು ಪಡಲ್‌ಟೌನ್. ಆದರೆ ಪಿಡಲ್‌ಟ್ರೆಂಟ್‌ಹೈಡ್ ಅನ್ನುವವರು ಬದಲಾಯಿಸಲಿಲ್ಲ. 1834ರಲ್ಲಿ ಕೂಲಿಕಾರರು ಸಂಘ ಕಟ್ಟಿದ್ದಕ್ಕೆ ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಿದರಲ್ಲ, ಆ ಟಾಲ್‌ಪಡಲ್ ಕೂಡ ಇದೇ ನದಿಯ ಹೆಸರಿನದು.

ಕುಂದಾಪ್ರದ ಪೋರ

ಹಾಗಾದರೆ ನನ್ನ ತಕರಾರು ಇದು. ಶಿಟರ್ಟನ್‌ನವರು ಹೊಲಸು ಹೆಸರನ್ನೇ ಕಲ್ಲಲ್ಲಿ ಕೆತ್ತಿಸಿ ಉಳಿಸಿಕೊಂಡರು. ಬೆಲ್‌ಗ್ರೇವ್‌ನವರದ್ದು ಹೊಲಸೇ ಅಲ್ಲ, ಒಳ್ಳೆ ಪ್ರಾಣಿಯ ಹೆಸರು. ಅದನ್ನು ಕಳೆದುಕೊಂಡರು. ಯಾಕೆ? ಕೇಳುವವನ ಕಿವಿ ಅಧಿಕಾರದಲ್ಲಿತ್ತು, ಹೇಳುವವನ ಬಾಯಿ ಹೊಲದಲ್ಲಿತ್ತು. ಅಷ್ಟೇ.

ಶಾಸನಪ್ರಿಯ

ಪೋರ, ಇದನ್ನು ನಾನು ಹೇಳಬೇಕು ಅಂತಿದ್ದೆ, ನೀನೇ ಹೇಳಿಬಿಟ್ಟೆ.

ಘಟ್ಟದ ಹಕ್ಕಿ

ಎಲ್ಲರೂ ಹೇಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಪಾಪ ಆ ಪ್ರಾಣಿಯನ್ನು ಯಾರೂ ಕೇಳಲಿಲ್ಲ.

ಮಾರ್ಟೆನ್ ಅಂದರೆ ಮುಂಗುಸಿಯ ಉದ್ದ ಮೈ, ಅಳಿಲಿನ ಚುರುಕು, ಪೊದೆಯಂಥ ಬಾಲ. ಮರ ಹತ್ತುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಇಂಗ್ಲೆಂಡಿನದ್ದು ಪೈನ್ ಮಾರ್ಟೆನ್. ಕಂದು ಮೈ, ಕತ್ತಿನ ಕೆಳಗೆ ಕೆನೆ ಬಣ್ಣದ ಪಟ್ಟಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಅದರ ದಾಯಾದಿ ಇದೆ, ನೀಲಗಿರಿ ಮಾರ್ಟೆನ್. ಅದರ ಕತ್ತು, ಎದೆ ಅರಿಸಿನ ಬಳಿದ ಹಾಗಿರುತ್ತದೆ. ಕೊಡಗಿನಲ್ಲಿ ಒಮ್ಮೆ ನೋಡಿದ್ದೇನೆ. ಬೆಳಗ್ಗೆ ಏಳೂವರೆ ಇರಬೇಕು. ಬಿದ್ದ ಮರದ ಮೇಲೆ ಹತ್ತಿತು, ನನ್ನನ್ನು ನೋಡಿತು, ಆ ಹಳದಿ ಒಂದು ಸಲ ಮಿಂಚಿತು, ಹೋಯಿತು. ಮೂರು ಸೆಕೆಂಡ್. ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು.

ಇಂಗ್ಲೆಂಡಿನಲ್ಲಿ ಕಾಡು ಕಡಿದು, ಕೋಳಿ ಮತ್ತು ಬೇಟೆ ಹಕ್ಕಿ ತಿನ್ನುತ್ತದೆ ಅಂತ ಹೊಡೆದು, ಅದನ್ನು ಹೆಚ್ಚುಕಡಿಮೆ ಮುಗಿಸಿದ್ದರು. 2019ರಲ್ಲಿ ಸ್ಕಾಟ್ಲೆಂಡಿನಿಂದ ಹಿಡಿದು ತಂದು ಫಾರೆಸ್ಟ್ ಆಫ್ ಡೀನ್ ಕಾಡಿನಲ್ಲಿ ಬಿಡಲು ಶುರು ಮಾಡಿದರು. ಈಗ ಅಲ್ಲಿ ಮರಿ ಹಾಕುತ್ತಿವೆ. ಹೆಸರು ಹೋಗಿ 900 ವರ್ಷ ಆದಮೇಲೆ ಪ್ರಾಣಿಯಾದರೂ ವಾಪಸ್ ಬಂತು.

ಸೋರ್‌ದಡದ ಸುಮಾ

ಇದು ಓದಿ ಯಾಕೋ ಖುಷಿ ಆಯಿತು. ಮುಂದಿನ ಸಲ ಆ ರಸ್ತೆಯಲ್ಲಿ ನಡೆಯುವಾಗ ಮಿಠಾಯಿ ಅಂಗಡಿ ಮೇಲೆ ಒಂದು ಮಾರ್ಟೆನ್ ಓಡುತ್ತಿದೆ ಅಂತ ಅಂದುಕೊಳ್ಳುತ್ತೇನೆ.

ಟೂಟಿಂಗ್ ರಾಯ

ಲಂಡನ್ನಿನ ದುಬಾರಿ ಬೆಲ್‌ಗ್ರೇವಿಯಾ ಕೂಡ ಈ ಹಳ್ಳಿಯ ಹೆಸರೇ. ರಾಯಭಾರ ಕಚೇರಿಗಳೆಲ್ಲ ಇರುವ ಏರಿಯಾಗೆ ಹೇಲಿನ ಹೆಸರು, ಹೆಹೆ.

ಶಾಸನಪ್ರಿಯ

ರಾಯರೇ, ಅಲ್ಲ. ಅದು ಬೇರೆ ಬೆಲ್‌ಗ್ರೇವ್, ಚೆಷೈರಿನದು. ಅಲ್ಲಿನ ಗ್ರೋವ್ನರ್ ಮನೆತನದವರಿಗೆ ಲಂಡನ್ನಿನಲ್ಲಿ ಆ ಜಮೀನಿತ್ತು, ತಮ್ಮ ಊರ ಹೆಸರಿಟ್ಟರು. ಚೆಷೈರಿನ ಬೆಲ್‌ಗ್ರೇವ್ ಮೊದಲಿನಿಂದಲೂ ಸುಂದರ ತೋಪೇ.

ಟೂಟಿಂಗ್ ರಾಯ

ಛೆ. ನಾಳೆ ಆಫೀಸಿನಲ್ಲಿ ಹೇಳೋಣ ಅಂತಿದ್ದೆ.

ಮಂಡ್ಯಗೌಡ್ರು

ಫ್ರೆಂಚರು ಊರ ಹೆಸರು ಕೆಡಿಸಿದ್ದು ಇಂಗ್ಲೆಂಡ್ ಮಾತ್ರ ಅಲ್ಲ ಕಣ್ರಪ್ಪ. ನಮ್ಮ ಪಾಂಡವಪುರ ಗೊತ್ತಲ್ಲ? ಅದರ ಹಳೆ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆ ಇದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು. ಅದಕ್ಕೆ ಇಂಗ್ಲಿಷರು "ಫ್ರೆಂಚ್ ರಾಕ್ಸ್" ಅಂತ ಕರೆದರು. ನಮ್ಮ ತಾತ ಸಾಯುವವರೆಗೂ "ಫ್ರೆಂಚ್‌ರಾಕ್ಸ್‌ಗೆ ಹೋಗ್ಬತ್ತೀನಿ" ಅಂತಲೇ ಹೇಳ್ತಿದ್ದರು. ನಾನು ಚಿಕ್ಕವನಿದ್ದಾಗ "ಫ್ರೆಂಚ್ರಾಕು" ಅನ್ನೋದು ಯಾವುದೋ ಕನ್ನಡ ಪದ ಅಂದ್ಕೊಂಡಿದ್ದೆ.

ಶಾಸನಪ್ರಿಯ

ಗೌಡ್ರೆ, ಇದು ಚಿನ್ನದಂಥ ಉದಾಹರಣೆ. ಆದರೆ ಒಂದು ತಿದ್ದುಪಡಿ: ಅಲ್ಲಿ ಹೆಸರಿಟ್ಟವರು ಫ್ರೆಂಚರಲ್ಲ, ಫ್ರೆಂಚರನ್ನು ನೋಡಿದ ಇಂಗ್ಲಿಷರು.

ಮಂಡ್ಯಗೌಡ್ರು

ತಿದ್ದದೇ ಇದ್ರೆ ನಿಮಗೆ ನಿದ್ದೆ ಬರಲ್ಲ ಅಲ್ವಾ ಸರ್.

ಸೋರ್‌ದಡದ ಸುಮಾ

ಇನ್ನೊಂದು ಪ್ರಶ್ನೆ. ಊರ ಮಧ್ಯದಿಂದ ಬೆಲ್‌ಗ್ರೇವ್ ಕಡೆ ಹೋಗುವ ರಸ್ತೆಗೆ ಬೆಲ್‌ಗ್ರೇವ್ ಗೇಟ್ ಅಂತ ಹೆಸರು. ಅಲ್ಲಿ ಯಾವ ಬಾಗಿಲೂ ಇಲ್ಲ, ಕಮಾನೂ ಇಲ್ಲ. ಮೊದಲು ಕೋಟೆ ಬಾಗಿಲು ಇತ್ತಾ?

ಶಾಸನಪ್ರಿಯ

ಅದು ಬಾಗಿಲಲ್ಲ. ನಾರ್ಮನ್ನರಿಗಿಂತ ಮುಂಚೆ, 9ನೇ ಶತಮಾನದಲ್ಲಿ, ಡೆನ್ಮಾರ್ಕ್ ಕಡೆಯ ಡೇನರು ಬಂದು ಲೆಸ್ಟರ್ ಹಿಡಿದಿದ್ದರು. ಅವರ ಮಾತಿನಲ್ಲಿ "ಗಾತಾ" ಅಂದರೆ ಬೀದಿ. ಅದೇ ಗೇಟ್ ಆಗಿ ಉಳಿದಿದೆ. ಗ್ಯಾಲೋಟ್ರೀ ಗೇಟ್, ಚರ್ಚ್‌ಗೇಟ್, ಎಲ್ಲ ಬೀದಿಗಳೇ. ನಿಮ್ಮ ಸುತ್ತಮುತ್ತ "ಬಿ" ಅಂತ ಮುಗಿಯುವ ಓಡ್‌ಬಿ, ಬ್ಲೇಬಿ, ಎಂಡರ್‌ಬಿ ಇವೆಯಲ್ಲ, ಅಲ್ಲಿನ "ಬಿ" ಕೂಡ ಡೇನರದ್ದೇ. ಊರು, ಹಳ್ಳಿ ಅಂತ ಅರ್ಥ.

ಈಗ ನೋಡಿ: ಬೆಲ್ ಫ್ರೆಂಚ್. ಗ್ರೇವ್ ಹಳೆ ಇಂಗ್ಲಿಷ್. ಗೇಟ್ ಡೇನಿಷ್. ಬೋರ್ಡಿನ ಮೇಲೆ ಎರಡೇ ಪದ, ಮೂರು ಭಾಷೆ. ಲೆಸ್ಟರ್ ಸೇರಿಸಿದರೆ ರೋಮನ್ನರೂ ಬಂದರು. ಹಳೆಯ ರೂಪ ಲಿಗೊರಚೆಆಸ್ಟರ್. ಬಾಲದಲ್ಲಿರುವುದು ಲ್ಯಾಟಿನ್ನಿನ "ಕಾಸ್ತ್ರಾ", ಅಂದರೆ ದಂಡಿನ ಬೀಡು.

ಕುಂದಾಪ್ರದ ಪೋರ

ಬರೆಯುವುದು ಲೀಸೆಸ್ಟರ್, ಓದುವುದು ಲೆಸ್ಟರ್. ಆ ನಡುವಿನ ಅಕ್ಷರಗಳಿಗೆ ಸಂಬಳ ಯಾರು ಕೊಡುತ್ತಾರೆ?

ಸೋರ್‌ದಡದ ಸುಮಾ

ಅದು ಏನೂ ಅಲ್ಲ. ಇಲ್ಲೇ ಹತ್ತಿರ ಬೆಲ್ವಾಯರ್ ಅಂತ ಬರೆಯುವ ಒಂದು ಕೋಟೆ ಇದೆ. ಮೊದಲ ವರ್ಷ ಟ್ಯಾಕ್ಸಿಯವರಿಗೆ "ಬೆಲ್ವಾಯರ್ ಹೋಗಬೇಕು" ಅಂದೆ. ಎಲ್ಲಿ ಅಂದರು. ಮತ್ತೆ ಹೇಳಿದೆ. ಮತ್ತೆ ಎಲ್ಲಿ ಅಂದರು. ಕೊನೆಗೆ ಫೋನು ತೋರಿಸಿದೆ. "ಓ, ಬೀವರ್!" ಅಂದರು. ಬೀವರ್ ಅಂತೆ, ನೀರಿನಲ್ಲಿರುವ ಆ ಪ್ರಾಣಿಯ ಹೆಸರಿನ ಹಾಗೆ!

ಶಾಸನಪ್ರಿಯ

ಅದೂ ನಾರ್ಮನ್ನರು ಇಟ್ಟ ಹೆಸರೇ. ಬೆಲ್ ವಾಯರ್, ಸುಂದರ ನೋಟ. ಬರಹ ಫ್ರೆಂಚರದ್ದು ಉಳಿಯಿತು, ಬಾಯಿ ಇಂಗ್ಲಿಷರದ್ದು ಗೆದ್ದಿತು.

ಘಟ್ಟದ ಹಕ್ಕಿ

ಅಂದರೆ ಅದೇ ಕೌಂಟಿಯಲ್ಲಿ ಒಂದು "ಸುಂದರ" ಮಾರ್ಟೆನ್ನನ್ನು ಓಡಿಸಿತು, ಇನ್ನೊಂದು "ಸುಂದರ" ಬೀವರ್ ಆಯಿತು. ಲೆಕ್ಕ ಸರಿಹೋಯಿತು!

ಟೂಟಿಂಗ್ ರಾಯ

ಬೆಲ್‌ಗ್ರೇವ್ ಹಾಲ್‌ನಲ್ಲಿ ಭೂತ ಇದೆ ಅಂತಾರಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. 1998ರಲ್ಲಿ ಸಿಸಿಟಿವಿಯಲ್ಲಿ ಬಿಳಿ ಆಕೃತಿ ಕಂಡಿತ್ತು.

ಸೋರ್‌ದಡದ ಸುಮಾ

ಹಾಲ್ ನೋಡಿದ್ದೇನೆ. 1700ರ ಸುಮಾರಿಗೆ ಕಟ್ಟಿದ ಇಟ್ಟಿಗೆ ಮನೆ, ಹಿಂದೆ ತೋಟ. ಬೆಲ್‌ಗ್ರೇವ್ ಇನ್ನೂ ಹಳ್ಳಿಯೇ ಆಗಿದ್ದ ಕಾಲದ್ದು. ಭೂತ ಕಾಣಲಿಲ್ಲ, ಹೂವು ಚೆನ್ನಾಗಿತ್ತು.

ಕುಂದಾಪ್ರದ ಪೋರ

ಸಿಸಿಟಿವಿಯಲ್ಲಿ ಬಿಳಿ ಆಕೃತಿ ಅಂದರೆ ಲೆನ್ಸ್ ಮೇಲೆ ಜೇಡ. ನಮ್ಮ ಅಂಗಡಿಯಲ್ಲೂ ದಿನಾ ಬರುತ್ತದೆ.

ನಿರ್ವಾಹಕ

ಭೂತಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಬರೆಯಿರಿ. ಇಲ್ಲಿ ಹೆಸರಿನ ವಿಷಯ ಮಾತ್ರ.

ಅಗಸೆಬಾಗಿಲು

ಹೆಸರಿನ ವಿಷಯಾನೇ ಕೇಳ್ತೀನ್ರಿ. ಆ ರಸ್ತೆಗೆ ಗೋಲ್ಡನ್ ಮೈಲ್ ಅಂತೂ ಕರೀತಾರಲ್ಲ, ಅದು ಯಾಕ? ಬಂಗಾರದ ಅಂಗಡಿ ಸಲುವಾಗಿ?

ಸೋರ್‌ದಡದ ಸುಮಾ

ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಇನ್ನೊಂದು ಕಥೆಯೂ ಇದೆ. ಆ ರಸ್ತೆಯಲ್ಲಿ ಸಿಗ್ನಲ್‌ಗಳು ಸಾಲು ಸಾಲು. ದೂರದಿಂದ ನೋಡಿದರೆ ಆ ಹಳದಿ ದೀಪಗಳೇ ಚಿನ್ನದ ಹಾಗೆ ಕಾಣುತ್ತಿದ್ದವು, ಅದಕ್ಕೆ ಗೋಲ್ಡನ್ ಮೈಲ್ ಅಂತ. ನನ್ನ ಸಹೋದ್ಯೋಗಿ ಸಿಗ್ನಲ್ ಕಥೆಯೇ ನಿಜ ಅಂತ ಆಣೆ ಇಡುತ್ತಾರೆ. ಒಡವೆ ಅಂಗಡಿಯವರು ಒಡವೆಯದ್ದೇ ನಿಜ ಅನ್ನುತ್ತಾರೆ.

ಶಾಸನಪ್ರಿಯ

ನೋಡಿದಿರಾ! ನಮ್ಮ ಕಣ್ಣೆದುರಿನ ಹೆಸರು. ಇಟ್ಟು ಐವತ್ತು ವರ್ಷ ಆಗಿದೆಯೋ ಇಲ್ಲವೋ. ಆಗಲೇ ಎರಡು ಕಥೆ, ಎರಡು ಪಾರ್ಟಿ. ಇನ್ನು 900 ವರ್ಷದ ಹೆಸರಿಗೆ ಕಥೆ ಹುಟ್ಟದೇ ಇರುತ್ತದಾ?

ಪ್ಯಾರಿಸ್ ಪುಟ್ಟಿ

ಅಲ್ಲಿ ಗುಜರಾತಿಗಳು ಅಷ್ಟೊಂದು ಹೇಗೆ ಬಂದರು ಅಕ್ಕ?

ಸೋರ್‌ದಡದ ಸುಮಾ

ಬಟ್ಟೆ ಗಿರಣಿಗಳಲ್ಲಿ, ಹೊಸೈರಿ ಕೆಲಸಕ್ಕೆ ಮೊದಲೇ ಕೆಲವರು ಬಂದಿದ್ದರು. ದೊಡ್ಡ ಅಲೆ 1972ರಲ್ಲಿ. ಉಗಾಂಡಾದಲ್ಲಿ ಇದಿ ಅಮಿನ್ ಏಷ್ಯಾದವರಿಗೆಲ್ಲ 90 ದಿನದಲ್ಲಿ ಜಾಗ ಖಾಲಿ ಮಾಡಿ ಅಂದ. ಆಗ ಲೆಸ್ಟರ್ ನಗರಸಭೆ ಏನು ಮಾಡಿತು ಗೊತ್ತಾ? ಉಗಾಂಡಾದ "ಉಗಾಂಡಾ ಆರ್ಗಸ್" ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತು, ದಯವಿಟ್ಟು ಲೆಸ್ಟರ್‌ಗೆ ಬರಬೇಡಿ, ಮನೆ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ ಅಂತ. ಜನ ಬಂದರು. ಖಾಲಿ ಬಿದ್ದಿದ್ದ ಅಂಗಡಿಗಳನ್ನು ಹಿಡಿದರು. ಲೆಸ್ಟರ್ ಅಂತ ಒಂದು ಊರಿದೆ ಅಂತ ಆ ಜಾಹೀರಾತು ನೋಡಿಯೇ ಗೊತ್ತಾಯಿತು ಅಂತ ಇಲ್ಲಿ ನಗುತ್ತಾ ಹೇಳುವವರಿದ್ದಾರೆ. ಈಗ ಅದೇ ನಗರಸಭೆ ಅದೇ ರಸ್ತೆಗೆ ದೀಪಾವಳಿಗೆ ಲೈಟು ಹಾಕಿಸುತ್ತದೆ.

ಡಾರ್ಸೆಟ್ ದೋಸೆ

ನನ್ನ ರೂಮ್‌ಮೇಟ್ ಗುಜರಾತಿ. ಅವನ ಅಜ್ಜಿ ಅದನ್ನು "ಬೇಲ್‌ಗ್ರೇ" ಅನ್ನುತ್ತಿದ್ದರಂತೆ. ವ ಹೊಡೆದೇ ಹೋಗಿದೆ.

ಶಾಸನಪ್ರಿಯ

ಅದೇ ನಾನು ಕೇಳಬೇಕು ಅಂತಿದ್ದದ್ದು. ಸುಮಾ ಅವರೇ, ನಿಮ್ಮ ಅಮ್ಮ ಏನಂತ ಕರೆಯುತ್ತಾರೆ? ಬಾಯಲ್ಲಿ ಬೇಡ, ಎಲ್ಲಾದರೂ ಬರೆದದ್ದು ಇದೆಯಾ?

ಸೋರ್‌ದಡದ ಸುಮಾ

ಸರ್, ನೀವು ಕೇಳಿದ್ದಕ್ಕೆ ಹೋಗಿ ನೋಡಿದೆ. ಅಮ್ಮನಿಗೆ ಖರ್ಚು ಬರೆಯುವ ಅಭ್ಯಾಸ. ಊರಿಂದ ಬರುವಾಗಲೇ ಒಂದು ನೂರು ಪುಟದ ಪುಸ್ತಕ ತಂದಿದ್ದಾರೆ. ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬದ ಪಕ್ಕ ಇರುತ್ತದೆ. ಈ ತಿಂಗಳಲ್ಲಿ ಅಲ್ಲಿಗೆ ಮೂರು ಸಲ ಹೋಗಿದ್ದೇವೆ.

ಮೊದಲ ವಾರ: "ಬೆಲ್ ಗ್ರೆವ್ ರೋಡು. ಸೀರೆ 2. ಫಾಲ್ 2. ಬಸ್ಸು."

ಎರಡನೇ ವಾರ: "ಬೆಳ್‌ಗ್ರಾಮ. ಕರಿಬೇವು 1 ಕಟ್ಟು (ಒಣಗಿದೆ). ತೊಗರಿಬೇಳೆ."

ಮೊನ್ನೆ: "ಬೆಳಗಾವಿ. ವೀಳ್ಯದೆಲೆ. ಕುಂದಾ ಸಿಗಲಿಲ್ಲ."

ಅಗಸೆಬಾಗಿಲು

ನಾ ಹೇಳಿದ್ದೆ!!!

ಶಾಸನಪ್ರಿಯ

ಸುಮಾ ಅವರೇ, ಆ ಪುಸ್ತಕ ಎಸೆಯಬೇಡಿ.

ಮಂಡ್ಯಗೌಡ್ರು

ಕರಿಬೇವು ಕಟ್ಟು ಎಷ್ಟವ್ವ ಅಲ್ಲಿ?